ನಿದ್ದೆಯ ನುಡಿ, ಎಚ್ಚರದ ನುಡಿ

ಮಧುಗಿರಿಯ ಏಕಶಿಲಾ ಬೆಟ್ಟ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿರುವ ಒಂದು ಪ್ರೌಢಶಾಲೆ. ಒಂಬತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಪಾಠ ನಡೆದಿತ್ತು. ಉಪಾಧ್ಯಾಯರು ಇಂಗ್ಲಿಷಿನ ಒಂದು ನಾಣ್ಣುಡಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಅದನ್ನು ಕನ್ನಡಕ್ಕೆ ತಿರುಗಿಸುವಂತೆ ಹೇಳಿದರು. ಮೊದಲು ಕೈಯೆತ್ತಿದ ಹುಡುಗನು ಎದ್ದು ನಿಂತು, "ಮಲಗಿರುವ ನಾಯಿಗಳು ಸುಳ್ಳು ಹೇಳಲಿ" ಎಂದು ಓದಿದನು. ತರಗತಿಗೆ ತರಗತಿಯೇ ನಕ್ಕಿತು. ಹುಡುಗನ ತಪ್ಪು ದೊಡ್ಡದೇನೂ ಅಲ್ಲ. ಇಂಗ್ಲಿಷಿನಲ್ಲಿ ಬಿದ್ದುಕೊಂಡಿರುವುದಕ್ಕೂ ಸುಳ್ಳಾಡುವುದಕ್ಕೂ ಒಂದೇ ಬಗೆಯಾಗಿ ಬರೆಯುವ ಪದವುಂಟು. ನಿಘಂಟಿನಲ್ಲಿ ಎರಡು ಅರ್ಥಗಳಿದ್ದವು. ಅವನು ಎರಡನೆಯದನ್ನು ಆರಿಸಿಕೊಂಡಿದ್ದನು.

ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಮಲಗಿರುವ ನಾಯಿಗಳು ಮಲಗಿಯೇ ಇರಲಿ" ಎಂದು ತಿದ್ದಿದಳು. ಈಗ ಪದಗಳೆಲ್ಲ ಸರಿಯಾದವು. "ಇದನ್ನು ನಿಮ್ಮ ಅಜ್ಜಿಯ ಮುಂದೆ ಹೇಳಿದರೆ ಅವರಿಗೆ ಏನು ತಿಳಿಯುತ್ತದಮ್ಮ?" ಎಂದು ಉಪಾಧ್ಯಾಯರು ಕೇಳಿದರು. ಹುಡುಗಿ ಸ್ವಲ್ಪ ಯೋಚಿಸಿ, "ನಾಯಿ ಮಲಗೈತೆ ಅಂತ ತಿಳ್ಕಂತಾರೆ ಸಾರ್" ಎಂದಳು.

ಹುಡುಗಿಯ ಉತ್ತರದಲ್ಲಿ ಭಾಷಾಶಾಸ್ತ್ರದ ಒಂದು ದೊಡ್ಡ ಸತ್ಯವೇ ಅಡಗಿತ್ತು. ಅಡಗಿಹೋದ ಜಗಳವನ್ನು ಮತ್ತೆ ಕೆದಕಬೇಡ ಎಂಬುದು ಆ ಇಂಗ್ಲಿಷ್ ಮಾತಿನ ಅಭಿಪ್ರಾಯ. ಹದಿನಾಲ್ಕನೆಯ ಶತಮಾನದ ಕವಿ ಚಾಸರನ ಕಾವ್ಯದಲ್ಲಿಯೇ ಅದರ ಹಳೆಯ ರೂಪ ದೊರೆಯುತ್ತದೆ. ಅಷ್ಟು ಕಾಲದಿಂದ ಆಡಿ ಆಡಿ, ಅಲ್ಲಿಯವರಿಗೆ ಅದನ್ನು ಕೇಳಿದೊಡನೆ ನಾಯಿ ಮರೆತುಹೋಗಿ ಜಗಳ ಮಾತ್ರ ನೆನಪಾಗುತ್ತದೆ. ಕನ್ನಡದಲ್ಲಿ ನಾಯಿ ನಾಯಿಯಾಗಿಯೇ ಉಳಿಯಿತು. ಆ ಹುಡುಗಿಯ ಅಜ್ಜಿ ಇದೇ ಅಭಿಪ್ರಾಯವನ್ನು ಹೇಳಬೇಕಾಗಿದ್ದರೆ, "ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಂಗಾಯ್ತು" ಎನ್ನುತ್ತಿದ್ದಳು. ದಂಡಿನ ಮಾರಮ್ಮನ ಜಾತ್ರೆಯನ್ನು ವರ್ಷವರ್ಷವೂ ಕಾಣುವ ಮಧುಗಿರಿಯ ಜನಕ್ಕೆ ಆ ಮಾತಿನ ಬಿಸಿ ಏನೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ನಾಯಿಯ ನಿದ್ದೆಯನ್ನು ಸಂಸ್ಕೃತದವರು ನೋಡಿದ ಬಗೆಯೇ ಬೇರೆ. ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯನ್ನೂ ಅವರು ಸೇರಿಸಿದರು. ಇಂಗ್ಲಿಷಿನಲ್ಲಿ ಎಬ್ಬಿಸಬಾರದ ನಾಯಿ ಇಲ್ಲಿ ಅನುಕರಿಸಬೇಕಾದ ಗುರುವಾಯಿತು. ಸಿರಾ, ಪಾವಗಡಗಳ ಬಯಲಿನಲ್ಲಿ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಮಂದೆ ತರುಬಿಸಿ, ಕಂಬಳಿ ಹೊದ್ದು ಮಲಗುವ ಕುರುಬನನ್ನು ಕೇಳಿದರೆ ಅವನು ಸಂಸ್ಕೃತದ ಪಕ್ಷವನ್ನೇ ವಹಿಸಿಯಾನು. ತೋಳದ ಹೆಜ್ಜೆಯ ಸದ್ದು ಬಂದಾಗ ಮಲಗಿರುವ ನಾಯಿ ಮಲಗಿಯೇ ಇದ್ದರೆ ಬೆಳಗಾಗುವಷ್ಟರಲ್ಲಿ ಮಂದೆಯಲ್ಲಿ ಒಂದೆರಡು ಮರಿಗಳು ಕಡಿಮೆಯಾಗಿರುತ್ತವೆ.

ನಿದ್ದೆ ಎಲ್ಲರಿಗೂ ಒಂದೇ. ಆದರೆ ಜನ ಎಲ್ಲಿ ಮಲಗುತ್ತಾರೆ, ಯಾರೊಡನೆ ಮಲಗುತ್ತಾರೆ, ಯಾವುದಕ್ಕಾಗಿ ಏಳುತ್ತಾರೆ ಎಂಬುದು ನಾಡಿನಿಂದ ನಾಡಿಗೆ ಬೇರೆ. ನುಡಿಗಟ್ಟು ಹುಟ್ಟುವುದು ಆ ಬೇರೆತನದಲ್ಲಿ. ಬೆಳಗಿನಿಂದಲೇ ಸಿಡುಕುತ್ತಿರುವವನನ್ನು ಕಂಡು ಇಂಗ್ಲಿಷರು "ಹಾಸಿಗೆಯ ತಪ್ಪು ಮಗ್ಗುಲಿನಿಂದ ಎದ್ದಿದ್ದಾನೆ" ಎನ್ನುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಮಂಚವಿದ್ದರೆ ದೋಷವನ್ನು ಮಂಚದ ಮೇಲೆ ಹೊರಿಸುವುದು ಸಹಜ. ಮಧುಗಿರಿ, ಕೊರಟಗೆರೆಗಳ ಹಳ್ಳಿಯ ಮನೆಗಳಲ್ಲಿ ಪಡಸಾಲೆಯ ತುಂಬ ಚಾಪೆ ಹಾಸಿ, ಅಜ್ಜಿಯಿಂದ ಕೂಸಿನವರೆಗೆ ಸಾಲಾಗಿ ಮಲಗುವುದು ರೂಢಿಯಾಗಿತ್ತು. ಬೇಸಗೆ ಬಂದಿತೆಂದರೆ ಗಂಡಸರು ಜಗಲಿಗೆ, ಹುಡುಗರು ಮಾಳಿಗೆಯ ಮೇಲಕ್ಕೆ; ಸುಗ್ಗಿಯಲ್ಲಿ ರಾಶಿ ಕಾಯಲು ಕಣಕ್ಕೆ. ಕಣ್ಣು ಬಿಟ್ಟೊಡನೆ ಎದುರಿಗೆ ಇನ್ನೊಬ್ಬರ ಮುಖ! ಆದುದರಿಂದ ಇಲ್ಲಿ ಕೆಲಸ ಕೆಟ್ಟವನು ಹಾಸಿಗೆಯನ್ನು ಬಯ್ಯುವುದಿಲ್ಲ. "ಇವತ್ತು ಯಾರ ಮುಖ ನೋಡಿ ಎದ್ದೆನೋ" ಎನ್ನುತ್ತಾನೆ. ಏಳುವಾಗ ಬಲಮಗ್ಗುಲಾಗಿ ಏಳಬೇಕೆಂದು ಹಿರಿಯರು ಹೇಳುವುದುಂಟು; ಎದ್ದೊಡನೆ ಎರಡು ಅಂಗೈಗಳನ್ನು ಉಜ್ಜಿ ನೋಡಿಕೊಳ್ಳುವವರೂ ಉಂಟು. ಅದಕ್ಕೆ ಶಾಸ್ತ್ರ ಬೇರೆಯೇ ಇದೆ. ಆದರೂ ಮನೆಯಲ್ಲಿ ಯಾರ ಮುಖಕ್ಕೂ ಅಪವಾದ ಬರದಂತೆ ನೋಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ನಿದ್ದೆಯ ಅಳತೆಗಳಲ್ಲಿ ಕನ್ನಡ ತುಂಬ ಶ್ರೀಮಂತವಾದ ಭಾಷೆ. ತೂಕಡಿಕೆ ಮೊದಲನೆಯ ಮೆಟ್ಟಿಲು. ಆ ಪದದಲ್ಲಿ 'ತೂಗು' ಎಂಬ ಧಾತು ಅಡಗಿದೆ. ಕುಳಿತವನ ತಲೆ ತಕ್ಕಡಿಯ ತಟ್ಟೆಯಂತೆ ಏಳುತ್ತ ಬೀಳುತ್ತ ಇರುವುದನ್ನು ಕಂಡವರು ಮಾಡಿದ ಪದ ಅದು. ಆಮೇಲೆ ಜೊಂಪು ಹತ್ತುತ್ತದೆ, ಮಂಪರು ಕವಿಯುತ್ತದೆ. ಸದ್ದಾದರೆ ಸಾಕು, ಬಿಟ್ಟೋಡುವಂಥದು ಕೋಳಿನಿದ್ದೆ. ತಮಟೆ ಬಡಿದರೂ ಬಿಡದಿರುವುದು ಕುಂಭಕರ್ಣನ ನಿದ್ದೆ. ಹೊತ್ತು ನೋಡದೆ ಮಲಗುವವನು ನಿದ್ದೆಬಡಕ. ಹೊತ್ತು ಮೀರಿ ಕೆಲಸ ಮಾಡುವವನು ನಿದ್ದೆಗೆಟ್ಟವನು. ನಿದ್ರೆ ಎಂಬ ಸಂಸ್ಕೃತ ಪದವೇ ಕನ್ನಡದ ಬಾಯಲ್ಲಿ ನಿದ್ದೆಯಾಯಿತೆಂದು ವ್ಯಾಕರಣದ ಪಾಠದಲ್ಲಿ ಓದುವುದುಂಟು. ಆದರೆ ತತ್ಸಮವೂ ತದ್ಭವವೂ ಒಂದರ ಜಾಗದಲ್ಲಿ ಇನ್ನೊಂದು ಸುಲಭವಾಗಿ ಕುಳಿತುಕೊಳ್ಳುವುದಿಲ್ಲ. ಸತ್ತವರಿಗೆ ಚಿರನಿದ್ರೆ ಎನ್ನಬಹುದು, ಚಿರನಿದ್ದೆ ಎನ್ನಲಾಗದು. ಕೂಸಿಗೆ ನಿದ್ದೆ ಬಂತು ಎನ್ನುವ ತಾಯಿಯ ಬಾಯಲ್ಲಿ ನಿದ್ರೆ ಎಂಬ ಪದವಿಟ್ಟರೆ ಆಕೆ ನಾಟಕದ ಪಾತ್ರವಾಗಿಬಿಡುತ್ತಾಳೆ.

ಮೂರು ದಿಕ್ಕಿನಲ್ಲಿ ಆಂಧ್ರಪ್ರದೇಶ ಸುತ್ತುವರಿದಿರುವ ಪಾವಗಡ ತಾಲ್ಲೂಕಿನಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತುಗಳು. "ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆ ಅಲ್ಲಿ ಗಡಿಯನ್ನು ಸಲೀಸಾಗಿ ದಾಟುತ್ತದೆ. ಚಿಂತೆಗೆ ಚಿಂತ, ಸಂತೆಗೆ ಸಂತ. ಪ್ರಾಸ ಕೂಡ ಕೆಡುವುದಿಲ್ಲ. ಇಂಗ್ಲಿಷಿಗೆ ಒಯ್ಯುವಾಗ ಚಿಂತೆಗೆ ಕೇರ್ ಎಂದೂ ಸಂತೆಗೆ ಫೇರ್ ಎಂದೂ ಇಟ್ಟು ಪ್ರಾಸವನ್ನು ಹೇಗೋ ಉಳಿಸಿಕೊಳ್ಳಬಹುದು. ಆದರೆ ಫೇರ್ ಎಂಬುದು ವರ್ಷಕ್ಕೊಮ್ಮೆ ನೆರೆಯುವ ಜಾತ್ರೆ. ವಾರವಾರವೂ ಸೊಪ್ಪು, ಹಗ್ಗ, ಮಡಕೆ, ಕುರಿಗಳೊಡನೆ ಕೂಗಾಡುವ ಸಂತೆ ಅದಲ್ಲ. ಪ್ರಾಸ ದಾಟಿತು, ಸಂತೆ ಈಚೆಗೇ ಉಳಿಯಿತು.

ಆ ಗಾದೆಯನ್ನು ಸ್ವಲ್ಪ ತಡೆದು ನೋಡಬೇಕು. ಸಂತೆಯಲ್ಲಿ ಮೂಟೆಗೆ ತಲೆಯಿಟ್ಟು ಮಲಗಿರುವವನಿಗೆ ಚಿಂತೆಯಿಲ್ಲವೆಂದು ಹೇಳುವವರು ಯಾರು? ಪಕ್ಕದಲ್ಲಿ ಕುಳಿತು ನೋಡುವವರು. ಅವನನ್ನೇ ಎಬ್ಬಿಸಿ ಕೇಳಿದರೆ, "ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು" ಎಂಬ ಇನ್ನೊಂದು ಗಾದೆಯನ್ನು ಹೇಳಿಯಾನು. ರಾತ್ರಿಯೆಲ್ಲ ಗಾಡಿ ಹೊಡೆದುಕೊಂಡು ಬಂದವನಿಗೆ ಸಂತೆಯೇನು, ಸುಪ್ಪತ್ತಿಗೆಯೇನು! ಒಬ್ಬನೇ ಮನುಷ್ಯನ ಒಂದೇ ನಿದ್ದೆಗೆ ಎರಡು ಗಾದೆಗಳು ಎರಡು ಕಾರಣಗಳನ್ನು ಕೊಡುತ್ತವೆ. ಗಾದೆಗಳಲ್ಲಿ ಸುಳ್ಳಿಲ್ಲವೆಂದು ಹೇಳುವವರು ಯಾವ ಗಾದೆಯನ್ನು ಯಾರು ಆಡಿದರೆಂಬುದನ್ನೂ ನೋಡಬೇಕಾಗುತ್ತದೆ. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ತನ್ನ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದದ ಅರ್ಥವನ್ನು ಬರೆದು ಸುಮ್ಮನಾಗಲಿಲ್ಲ. ಹಲವೆಡೆಗಳಲ್ಲಿ ಆ ಪದ ಬರುವ ಗಾದೆಯನ್ನೂ ಜೊತೆಗಿಟ್ಟನು. ಹೊರಗಿನಿಂದ ಬಂದು ಕಲಿತವನಿಗೆ, ಅರ್ಥವೊಂದರಿಂದಲೇ ಪದ ವಶವಾಗುವುದಿಲ್ಲವೆಂಬುದು ಚೆನ್ನಾಗಿ ತಿಳಿದಿತ್ತು.

ಮಲಗುವ ಮಾತಿಗಿಂತ ಏಳುವ ಮಾತಿನಲ್ಲಿ ಈ ನಾಲ್ಕು ತಾಲ್ಲೂಕುಗಳ ಬಾಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಗಡಿಯಾರ ಮನೆಮನೆಗೆ ಬರುವ ಮೊದಲು ಬೆಳ್ಳಿ ಮೂಡುವ ಹೊತ್ತು, ಕೋಳಿ ಕೂಗುವ ಹೊತ್ತು, ಮಬ್ಬು ಹರಿಯುವ ಹೊತ್ತು ಎಂದು ರಾತ್ರಿಯ ಕೊನೆಯನ್ನು ಗುರುತಿಸುತ್ತಿದ್ದರು. 'ಬೆಳಗಿನ ಜಾವ' ಎಂಬುದರಲ್ಲಿರುವ ಜಾವ, ಮೂರು ಗಂಟೆಗಳ ಅವಧಿಯಾದ 'ಯಾಮ'ದಿಂದ ಬಂದದ್ದು. ಹೆಂಗಸರು ಆ ಜಾವದಲ್ಲಿ ಎದ್ದು ರಾಗಿ ಬೀಸಲು ಕೂರುತ್ತಿದ್ದರು. ಬೀಸುವ ಪದಗಳು ಹುಟ್ಟಿದ್ದು ನಿದ್ದೆಗಣ್ಣಿನ ಆ ಹೊತ್ತಿನಲ್ಲಿಯೇ. ಗಂಡಸರು ಬಾವಿಗೆ ಕಪಿಲೆ ಹೂಡಲು ಎತ್ತುಗಳನ್ನು ಬಿಚ್ಚುತ್ತಿದ್ದರು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ನಂಬಿ, ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟುಹೋದ ಅಜ್ಜಿಯ ಕತೆಯನ್ನು ಕೇಳಿ ಮಕ್ಕಳು ಇಂದಿಗೂ ನಗುತ್ತಾರೆ. ಅಜ್ಜಿಯ ಜಂಬ ಹಾಗಿರಲಿ, ಅವಳ ಕೋಳಿಯ ಕೂಗಿಗೆ ಏಳುತ್ತಿದ್ದವರ ಕೆಲಸ ಎಷ್ಟಿತ್ತೆಂಬುದನ್ನೂ ಆ ಕತೆ ಬಲ್ಲದು.

ಕೆಲವರಿಗೆ ಕೋಳಿ ಕೂಗುವ ತನಕ ಕಾಯಲೂ ಅವಕಾಶವಿರಲಿಲ್ಲ. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡಗಳು ಮಳೆ ಕಡಿಮೆಯಾದ ತಾಲ್ಲೂಕುಗಳು. ಆದರೂ ಇಲ್ಲಿಯ ಮರಳು ಹಳ್ಳಗಳ, ಕೆರೆಯಂಗಳಗಳ ಅಡಿಯಲ್ಲಿ ಒರತೆಗಳಿದ್ದವು. ನೆಲವನ್ನು ಬಗೆದು ಆ ಒರತೆಯ ನೀರನ್ನು ಕಾಲುವೆಯ ಮೂಲಕ ಗದ್ದೆ ತೋಟಗಳಿಗೆ ಹರಿಸುವ ಏರ್ಪಾಟಿಗೆ ತಲಪರಿಗೆ ಎಂದು ಹೆಸರು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಹೂಳು ತೆಗೆಯುತ್ತಿದ್ದರು. ಹರಿಯುವ ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುತ್ತಿದ್ದರು. ನೀರು ಹಗಲು ಮಾತ್ರ ಹರಿಯುವುದಿಲ್ಲ; ಆದುದರಿಂದ ಸರದಿ ರಾತ್ರಿಯೂ ಬರುತ್ತಿತ್ತು. ಸರದಿಯ ಹೊತ್ತಿಗೆ ಏಳದವನ ಪೈರಿಗೆ ಮುಂದಿನ ಸರದಿಯವರೆಗೆ ನೀರಿಲ್ಲ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ತಳವಾರನು ಕಳ್ಳಕಾಕರಿಂದ ಊರನ್ನು ಕಾಯುತ್ತಿದ್ದನು. ನೀರುಗಂಟಿ ನೀರನ್ನು ಕಾಯುತ್ತಿದ್ದನು. ಊರು ಮಲಗಿರುವಾಗ ಎದ್ದಿರುವುದೇ ಇವರಿಬ್ಬರ ವೃತ್ತಿ. ಹಿಂಗಾರಿಗೋ ಮುಂಗಾರಿಗೋ ಬಿತ್ತಿದ ಕಡಲೆಕಾಯಿ ಬಲಿಯುತ್ತ ಬಂದಾಗ ಉಳಿದವರಿಗೂ ಈ ವೃತ್ತಿ ತಪ್ಪುತ್ತಿರಲಿಲ್ಲ. ಬೆಟ್ಟದಿಂದಿಳಿಯುವ ಕರಡಿ, ಪೊದೆಯಿಂದ ನುಗ್ಗುವ ಹಂದಿ ಇವುಗಳಿಗೆ ಅದು ಬಹಳ ಪ್ರಿಯವಾದ ಆಹಾರ. ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕೋಳಿನಿದ್ದೆ ಮಾಡುವವನ ಕಿವಿ ಮಾತ್ರ ಹೊಲದಲ್ಲಿಯೇ ಇರುತ್ತಿತ್ತು.

ಕೊಳವೆಬಾವಿಗಳು ಬಂದ ಮೇಲೆ ತಲಪರಿಗೆಗಳಲ್ಲಿ ಹಲವು ಬತ್ತಿದವು. ಹೊಸ ನೀರು ಹೊಸ ಸರದಿಯನ್ನು ತಂದಿತು. ಹಲವು ದಶಕಗಳ ಕಾಲ ಪಂಪ್‌ಸೆಟ್ಟುಗಳಿಗೆ ಬೇಕಾದ ಮೂರು ಫೇಸಿನ ಕರೆಂಟು ಹಗಲು ಕೆಲವು ಗಂಟೆ, ರಾತ್ರಿ ಕೆಲವು ಗಂಟೆ ಎಂದು ಪಾಳಿಯ ಮೇಲೆ ಬರುತ್ತಿತ್ತು. ಕರೆಂಟು ಬಂದುದು ತಿಳಿಯಲೆಂದು ರೈತರು ಮೋಟಾರಿನ ಮನೆಯಲ್ಲಿ ಒಂದು ಬಲ್ಬನ್ನು ಉರಿಯಲು ಬಿಡುತ್ತಿದ್ದರು. ದೂರದ ಆ ಬಲ್ಬು ಕಣ್ಣು ಬಿಟ್ಟಾಗಲೇ ಮನೆಯವನಿಗೆ ಬೆಳಗು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿ, 2018ರಲ್ಲಿ ಉದ್ಘಾಟನೆಗೊಂಡು ಮುಂದೆ 2050 ಮೆಗಾವಾಟ್ ಸಾಮರ್ಥ್ಯವನ್ನು ಮುಟ್ಟಿದ ಸೌರ ವಿದ್ಯುತ್ ಉದ್ಯಾನ ಸೂರ್ಯನೊಡನೆ ಎದ್ದು ಸೂರ್ಯನೊಡನೆ ಮಲಗುತ್ತದೆ. ರೈತನಿಗೂ ಅಂಥ ಕ್ರಮ ಒದಗಲಿ ಎಂಬುದು ಆ ಸೀಮೆಯವರ ಹಳೆಯ ಆಸೆ.

ಇಂಥ ನಾಡಿನಲ್ಲಿ 'ಎಚ್ಚರ' ಎಂಬ ಪದಕ್ಕೆ ಬಂದಿರುವ ತೂಕವನ್ನು ನೋಡಬೇಕು. 'ಏಳು' ಎಂಬ ಕ್ರಿಯಾಪದದ ಬೇರಿನಿಂದಲೇ ಅದು ಹುಟ್ಟಿದೆ. ಎಚ್ಚರವಾಯಿತು ಎಂದರೆ ನಿದ್ದೆ ತಿಳಿಯಿತು. ಎಚ್ಚರದಿಂದಿರು ಎಂದರೆ ಜಾಗರೂಕನಾಗಿರು. ಎಚ್ಚರ ತಪ್ಪಿತು ಎಂದರೆ ಪ್ರಜ್ಞೆ ಹೋಯಿತು. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಮೂರು ಬೇರೆ ಬೇರೆ ಪದಗಳನ್ನು ಹುಡುಕಬೇಕು. ನಿಘಂಟು ಕೂಡ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಅರ್ಥಗಳನ್ನು ಬೇರೆಯಾಗಿಸುತ್ತದೆ. ಅಟ್ಟಣೆಯ ಮೇಲಿದ್ದವನಿಗೆ, ಕಾಲುವೆಯ ಮಡೆಯ ಬಳಿ ನಿಂತವನಿಗೆ ಅವು ಮೂರಲ್ಲ. ಎದ್ದಿರುವುದು, ನೋಡಿಕೊಂಡಿರುವುದು, ಮೈಮೇಲೆ ಅರಿವಿರುವುದು ಒಂದೇ ಸ್ಥಿತಿ.

ಎಚ್ಚರಕ್ಕೆ ಒಂದು ಜೊತೆಗಾರ ಪದವುಂಟು. ಅದು 'ಹುಷಾರು'. ಪಾರ್ಸಿಯ ಹೋಷ್ ಎಂದರೆ ಅರಿವು, ಅರಿವುಳ್ಳವನು ಹೋಷಿಯಾರ್. ಬಿಜಾಪುರದವರು ಆಳಿದ, 1687ರಿಂದ ಮೊಗಲರ ಒಂದು ಪ್ರಾಂತದ ರಾಜಧಾನಿಯಾಗಿದ್ದ ಸಿರಾ ಪಟ್ಟಣದ ಚರಿತ್ರೆಯನ್ನು ನೆನೆದರೆ, ಪಾರ್ಸಿ ಉರ್ದುಗಳ ಇಂಥ ಮಾತುಗಳು ಈ ಕಡೆಯ ಹಳ್ಳಿಗಳ ಬಾಯಿಯಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಬಂದ ಪದವು ಬಂದ ಹಾಗೆಯೇ ಉಳಿಯಲಿಲ್ಲ. ಹುಡುಗ ಹುಷಾರು ಎಂದರೆ ಜಾಣ. ಮೈ ಹುಷಾರಿಲ್ಲ ಎಂದರೆ ಕಾಯಿಲೆ. ಕತ್ತಲಲ್ಲಿ ಹೊರಟವನಿಗೆ "ಹುಷಾರು!" ಎಂದರೆ ಹಾವು, ಚೇಳು, ಕರಡಿ, ಹರಿದ ತಂತಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಂತೆ.

ಎಲ್ಲ ಎಚ್ಚರವೂ ಭಯದ್ದೇ ಎಂದು ತಿಳಿಯಬಾರದು. ಶಿವರಾತ್ರಿಯ ಜಾಗರಣೆಯುಂಟು. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನನ್ನು ಕುರಿತು ಕಾಡುಗೊಲ್ಲರು ಗಣೆಯನ್ನೂದಿ ಹಾಡುವ ದೀರ್ಘವಾದ ಕಥನವುಂಟು. ರಾತ್ರಿ ಊಟವಾದ ಮೇಲೆ ಆರಂಭವಾಗಿ ಬೆಳಕು ಹರಿಯುವ ತನಕ ನಡೆಯುತ್ತಿದ್ದ ಮೂಡಲಪಾಯದ ಬಯಲಾಟಗಳುಂಟು. ರಾತ್ರಿಯೆಲ್ಲ ರಾಮಾಯಣ ಕೇಳಿ, ಬೆಳಗೆದ್ದು ರಾಮನಿಗೂ ಸೀತೆಗೂ ಏನು ಸಂಬಂಧ ಎಂದು ಕೇಳಿದವನನ್ನು ಗಾದೆ ಹಾಸ್ಯ ಮಾಡುತ್ತದೆ. ಪಾಪ, ಅವನು ಹಿಂದಿನ ರಾತ್ರಿ ನೀರು ಕಟ್ಟಿ ಬಂದವನಾಗಿದ್ದರೆ? ಬಯಲಾಟದ ಮುಂದೆ ತೂಕಡಿಸುವವನಿಗೆ ಯಾರಾದರೂ ಹಾಸಿಗೆ ಹಾಸಿಕೊಟ್ಟಿದ್ದರೆ ಅದೇ ಪುಣ್ಯದ ಕೆಲಸವಾಗುತ್ತಿತ್ತು.

ಮಧುಗಿರಿಯ ಆ ತರಗತಿಯಲ್ಲಿ ಮರುದಿನ ಉಪಾಧ್ಯಾಯರು ಪಾಠವನ್ನು ತಿರುವುಮುರುವು ಮಾಡಿದರು. ಮಲಗುವ, ಏಳುವ ವಿಚಾರವಾಗಿ ಮನೆಯಲ್ಲಿ ಆಡಿದ ಒಂದೊಂದು ಮಾತನ್ನು ಕೇಳಿಕೊಂಡು ಬಂದು, ಅದನ್ನು ಇಂಗ್ಲಿಷಿಗೆ ತಿರುಗಿಸಬೇಕೆಂದರು. ಒಬ್ಬನು "ಕಾಲು ಜೋಮು ಹಿಡೀತು" ಎಂಬುದನ್ನು ತಂದಿದ್ದನು. ಇಂಗ್ಲಿಷಿನವರಿಗೆ ಆಗ ಕಾಲೇ ನಿದ್ದೆ ಹೋಗುತ್ತದೆ ಎಂದು ಉಪಾಧ್ಯಾಯರು ಹೇಳಿದಾಗ ಎಲ್ಲರೂ ತಮ್ಮ ತಮ್ಮ ಕಾಲನ್ನು ನೋಡಿಕೊಂಡರು. ಇನ್ನೊಬ್ಬಳು "ದೇವರು ಕಣ್ಣು ಬಿಟ್ಟ, ಮಳೆ ಬಂತು" ಎಂದು ಬರೆದುಕೊಂಡು ಬಂದಿದ್ದಳು.

ಹಿಂದಿನ ಸಾಲಿನ ಹುಡುಗಿಯ ಸರದಿ ಬಂದಿತು. ಹಿಂದಿನ ರಾತ್ರಿ ಒಂದು ಗಂಟೆಗೆ ಅವಳ ತಂದೆ ಬ್ಯಾಟರಿ ಹಿಡಿದು ಹೊಲಕ್ಕೆ ಹೊರಟಿದ್ದರು. ವಾರದ ಕೆಳಗೆ ಪಕ್ಕದ ಹೊಲದವರ ಮೇಲೆ ಕರಡಿ ಬಿದ್ದಿತ್ತು. ಬಾಗಿಲಲ್ಲಿ ಕುಳಿತಿದ್ದ ಅಜ್ಜಿ, "ಎಚ್ಚರ ಕಣಪ್ಪ" ಎಂದಿದ್ದಳು. ಅದಿಷ್ಟೇ ಮಾತು.

ಉಪಾಧ್ಯಾಯರು ಅದನ್ನು ಹಲಗೆಯ ಮೇಲೆ ಬರೆದರು. ಜಾಗರೂಕನಾಗಿರು ಎಂಬ ಅರ್ಥದ ಇಂಗ್ಲಿಷ್ ಪದವನ್ನು ಒಬ್ಬ ಹುಡುಗ ಹೇಳಿದನು. ಅದನ್ನು ಕೆಳಗೆ ಬರೆದರು. ನಿದ್ದೆ ಮಾಡಬೇಡ ಎಂಬುದನ್ನು ಇನ್ನೊಬ್ಬನು ಹೇಳಿದನು, ಅದನ್ನೂ ಬರೆದರು. ಅಷ್ಟರಿಂದಲೂ 'ಕಣಪ್ಪ' ಎಂಬುದು ಹಾಗೆಯೇ ಉಳಿದಿತ್ತು. ಅದಕ್ಕೆ ಏನು ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಆಮೇಲೆ ಅಜ್ಜಿ ಮಲಗಿದರೇನಮ್ಮ?" ಎಂದು ಉಪಾಧ್ಯಾಯರು ಕೇಳಿದರು.

"ಇಲ್ಲ ಸಾರ್. ಮೋಟ್ರು ಸದ್ದು ಕೇಳೋವರ್ಗೂ ಕೂತೇ ಇದ್ರು" ಎಂದಳು ಹುಡುಗಿ.